ಸಿರಿಯ ರಬ್ಬರು

ಹೊಂಗೆಕೊಡಿಗೆಯ ಸರ್ಕಾರಿ ಪ್ರೌಢಶಾಲೆಗೆ ಡಿಸೆಂಬರ್ ಮೊದಲ ವಾರ ನಲವತ್ತೆರಡು ಕನ್ನಡಿಗಳು ಬಂದವು. ಇಂಗ್ಲಿಷ್ ಮೇಷ್ಟ್ರು ಬೇಕೆಂದು ಬರೆದ ಅರ್ಜಿಗೆ ಮೂರು ವರ್ಷದಿಂದ ಉತ್ತರವಿಲ್ಲ. ಪ್ರಯೋಗಕ್ಕೆ ನಾಲ್ಕು ಗಾಜಿನ ನಳಿಗೆ ಕೇಳಿದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಕನ್ನಡಿಗಳು ಮಾತ್ರ ಯಾರೂ ಕೇಳದೆಯೇ ಬಂದವು, ಅದೂ ಹತ್ತನೇ ತರಗತಿಯ ಪ್ರತಿ ಮಗುವಿಗೆ ಒಂದರಂತೆ, ಹಿಂಬದಿಗೆ ನಗುಮುಖದ ಚಿತ್ರ ಅಂಟಿಸಿಕೊಂಡು.

ಗಣಿತದ ದತ್ತಮೂರ್ತಿ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಂದನ್ನು ಎತ್ತಿ ನೋಡಿದರು. ಒಳಗಿನಿಂದ ಐವತ್ತೆಂಟು ವರ್ಷದ, ಜಗತ್ತಿನಲ್ಲಿ ಯಾವುದೂ ಹಿಡಿಸದ ಒಂದು ಮುಖ ಅವರನ್ನೇ ನೋಡಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಾ ಸುಂದರೇಶ?" ಎಂದರು.

ಸುಂದರೇಶ್ ಹೆಡ್ಮಾಸ್ಟರು. ಮುತ್ತಿನಕೊಪ್ಪದ ಕಡೆಯವರು. ಮೂವತ್ತು ವರ್ಷದ ಹಿಂದೆ ಇದೇ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಆದ್ದರಿಂದ ಕುರ್ಚಿ ದೊಡ್ಡದಾದರೂ ದನಿ ಸಣ್ಣದಾಗಿಯೇ ಉಳಿದಿತ್ತು.

"ಮೇಲಿಂದ ಬಂದಿದ್ದು ಮೇಷ್ಟ್ರೇ, ಎಂತ ಮಾಡದು? ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ ಎರಡೇ ನಿಮಿಷ. ಮಕ್ಳು ಕನ್ನಡಿ ನೋಡ್ಕೊಂಡು ಮೂರು ವಾಕ್ಯ ಹೇಳ್ಬೇಕು. ನಾನು ಫೋಟೋ ತೆಗ್ದು ಗ್ರೂಪಿಗೆ ಹಾಕ್ಬೇಕು. ಅಷ್ಟೇ ಮಾರಾಯ್ರೆ."

ಆ ಮೂರು ವಾಕ್ಯಗಳು ಇವು: ನಾನು ಜಾಣೆ. ನಾನು ಕಲಿಯಬಲ್ಲೆ. ನನ್ನಿಂದ ಎಲ್ಲವೂ ಸಾಧ್ಯ. ಹುಡುಗರಾದರೆ ಜಾಣ ಎನ್ನಬೇಕು.

ಈ ಕನ್ನಡಿಗಳ ಹಿಂದೆ ಇದ್ದವನು ಸಿದ್ದಾರ್ಥ ಎಂಬ ತರಬೇತಿದಾರ. ಯಾವುದೋ ಸಂಸ್ಥೆಯವನು. ಸಂಸ್ಥೆಯ ಹೆಸರನ್ನು ಮೇಷ್ಟ್ರು ಕೊನೆಯವರೆಗೂ ನೆನಪಿಟ್ಟುಕೊಳ್ಳಲಿಲ್ಲ, ಹಟ ಹಿಡಿದೇ ನೆನಪಿಟ್ಟುಕೊಳ್ಳಲಿಲ್ಲ. ನವೆಂಬರಿನಲ್ಲಿ ಕೊಪ್ಪದಲ್ಲಿ ಎರಡು ದಿನ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಮೇಷ್ಟ್ರುಗಳನ್ನು ಕೂಡಿ ಹಾಕಿ ಅವನು 'ಮಗುವಿನ ಒಳಗಿನ ನಂಬಿಕೆ' ಎಂಬ ವಿಷಯದ ಮೇಲೆ ತರಬೇತಿ ಕೊಟ್ಟಿದ್ದ. ಎಲ್ಲರೂ ಕಣ್ಣು ಮುಚ್ಚಿ ಪಕ್ಕದವರ ಕೈ ಹಿಡಿಯಬೇಕು, ಅವರಿಗೆ ಮನಸ್ಸಿನಲ್ಲೇ 'ನೀವು ಅದ್ಭುತ' ಎನ್ನಬೇಕು. ದತ್ತಮೂರ್ತಿ ಮೇಷ್ಟ್ರ ಪಕ್ಕ ಕೂತಿದ್ದವರು ನರಸಿಂಹರಾಜಪುರದ ಡ್ರಿಲ್ ಮೇಷ್ಟ್ರು. ಕಣ್ಣು ಮುಚ್ಚಿದ ಅರ್ಧ ನಿಮಿಷಕ್ಕೆ ಅವರು ನಿದ್ದೆ ಹೋದರು. ನಿದ್ದೆ ಹೋದವರ ಬೆವರು ಕೈ ಹಿಡಿದುಕೊಂಡು ಹತ್ತು ನಿಮಿಷ ಕೂತ ಮೇಲೆ, ಈ ದೇಶದ ವಿದ್ಯಾಭ್ಯಾಸದ ಬಗ್ಗೆ ಮೇಷ್ಟ್ರಿಗೆ ಉಳಿದಿದ್ದ ಚೂರುಪಾರು ಗೌರವವೂ ಹೋಯಿತು.

ಮೇಷ್ಟ್ರ ಸಿದ್ಧಾಂತವೇ ಬೇರೆ. ಶೃಂಗೇರಿಯಲ್ಲಿ ಅವರ ತಂದೆ ಜಗುಲಿಯ ಮೇಲೆ ಮಾಣಿಗಳನ್ನು ಕೂರಿಸಿ ಮಂತ್ರ ಹೇಳಿಕೊಡುತ್ತಿದ್ದವರು. ಸ್ವರ ತಪ್ಪಿದರೆ 'ಎಮ್ಮೆ' ಎನ್ನುತ್ತಿದ್ದರು, ಎರಡನೇ ಸಲ ತಪ್ಪಿದರೆ 'ಎಮ್ಮೆಗೆ ಅವಮಾನ' ಎನ್ನುತ್ತಿದ್ದರು. ಹಾಗೆ ಬೈಸಿಕೊಂಡೇ ತಾನು ಉದ್ಧಾರವಾದದ್ದೆಂದು ಮೇಷ್ಟ್ರು ನಂಬಿದ್ದರು. ಹೊಗಳಿದರೆ ಮಕ್ಕಳು ಹಾಳು, ಬೈದರೆ ಬುದ್ಧಿ ಚುರುಕು. ಮೂವತ್ಮೂರು ವರ್ಷ ಅವರು ಇದನ್ನೇ ನಡೆಸಿಕೊಂಡು ಬಂದಿದ್ದರು, ಅವರ ಬೈಗುಳಗಳು ಮೇಗುಂದ ಹೋಬಳಿಯಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದ್ದವು.

ಇನ್ನು ಆ ಶಾಲೆಯ ನಿಜವಾದ ನಂಬಿಕೆ ಯಾವುದು ಎಂದು ಕೇಳಿದರೆ, ಅದು ಕನ್ನಡಿಯಲ್ಲಿ ಇರಲಿಲ್ಲ, ಹೆಡ್ಮಾಸ್ಟರ ಬೀರುವಿನಲ್ಲಿದ್ದ ಪಟ್ಟಿಯಲ್ಲಿತ್ತು. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಪಟ್ಟಿ ಎಂದು ಹೆಸರು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ, ಎಸ್ಸೆಸ್ಸೆಲ್ಸಿಯಲ್ಲಿ ದಡ ಸೇರಲಾರರು ಎನಿಸಿದ ಮಕ್ಕಳ ಹೆಸರನ್ನು ಬೇರೆ ಬರೆಯುತ್ತಾರೆ. ಅವರಿಗೆ ಒಂದು ತೆಳ್ಳನೆಯ ಜೆರಾಕ್ಸ್ ಪುಸ್ತಕ. ಅದರಲ್ಲಿ ಗ್ಯಾರಂಟಿಯಾಗಿ ಬರುವ ಕೆಲವೇ ಪ್ರಶ್ನೆಗಳು. ಜನವರಿಯಿಂದ ಅವರು ಬೇರೆ ಕೋಣೆಯಲ್ಲಿ ಕೂತು ಅದನ್ನಷ್ಟೇ ಬಾಯಿಪಾಠ ಮಾಡಬೇಕು. ಉಳಿದ ಪಾಠ ಅವರಿಗಿಲ್ಲ. ಪರೀಕ್ಷೆಯಲ್ಲಿ ಉಳಿದ ಪ್ರಶ್ನೆಗಳನ್ನು ಮುಟ್ಟಲೂ ಕೂಡದು. ಮೂವತ್ತೈದು ಬಂದರೆ ಸಾಕು, ಶಾಲೆಗೆ ನೂರಕ್ಕೆ ನೂರು ಫಲಿತಾಂಶ. ಮೂವತ್ತೈದು ಹಿಡಿದುಕೊಂಡು ಹೋದ ಮಗುವಿಗೆ ಕಾಲೇಜಿನಲ್ಲಿ ಸೈನ್ಸ್ ಕೊಡುವವರು ಯಾರೂ ಇಲ್ಲ ಎಂಬುದು ಬೇರೆ ಮಾತು. ಅದನ್ನು ಯಾರೂ ಗ್ರೂಪಿಗೆ ಹಾಕುವುದಿಲ್ಲ.

ಹೀಗೆ, ಬೆಳಿಗ್ಗೆ ಹತ್ತಕ್ಕೆ 'ನನ್ನಿಂದ ಎಲ್ಲವೂ ಸಾಧ್ಯ' ಎಂದು ಕೂಗಿಸಿದ ಮಕ್ಕಳಿಗೇ ಹತ್ತೂವರೆಗೆ 'ನಿನ್ನಿಂದ ಇಷ್ಟು ಮಾತ್ರ ಸಾಧ್ಯ' ಎಂದು ಪುಸ್ತಕ ಹಂಚುವ ವ್ಯವಸ್ಥೆ. ಮೇಷ್ಟ್ರಿಗೆ ಇದು ಕೆಲವು ದಿನ ಪುಕ್ಕಟೆ ಮನರಂಜನೆ ಒದಗಿಸಿತು. ಗಣಿತದ ಪಟ್ಟಿಗೆ ಹದಿನಾಲ್ಕು ಹೆಸರುಗಳನ್ನು ಚಹಾ ಆರುವುದರೊಳಗೆ ಬರೆಸಿದವರು ತಾವೇ, ಆ ಹದಿನಾಲ್ಕು ಜನಕ್ಕೆ 'ಪ್ಯಾಕೇಜು' ಎಂದು ಅಡ್ಡಹೆಸರಿಟ್ಟವರೂ ತಾವೇ ಎಂಬುದು ಆ ಮನರಂಜನೆಗೆ ಅಡ್ಡಿ ಬರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿಗೆ ಬಚ್ಚಲು ಕಾಣುವುದಿಲ್ಲವಲ್ಲ.

ಆ ಹದಿನಾಲ್ಕರಲ್ಲಿ ಒಂಬತ್ತನೆಯ ಹೆಸರು ಸಿರಿ. ಬೇಲಿಗೆ ಕಲ್ಲುಕಂಬ ನೆಡುವ ಭೈರಪ್ಪನ ಮಗಳು. ತಾಯಿ ಕುಸುಮಾ ಎಸ್ಟೇಟಿನ ಕೂಲಿಗೆ ಹೋಗುತ್ತಾಳೆ. ಹುಡುಗಿ ಕೊನೆಯ ಬೆಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಕೂರುವವಳು, ಹಾಜರಿ ಕರೆದಾಗ ಮಾತ್ರ ದನಿ ಬರುತ್ತಿತ್ತು. ಅರ್ಧವಾರ್ಷಿಕದ ಗಣಿತದಲ್ಲಿ ಎಂಬತ್ತಕ್ಕೆ ಹತ್ತೊಂಬತ್ತು. ಮೇಷ್ಟ್ರಿಗೆ ಅವಳ ಬಗ್ಗೆ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ, ಗೊತ್ತಾಗಬೇಕು ಎಂದೂ ಅನಿಸಿರಲಿಲ್ಲ.

ಡಿಸೆಂಬರ್ ಹತ್ತರಂದು ಮೇಷ್ಟ್ರು ಬೋರ್ಡಿನ ಮೇಲೆ x² − 3x − 10 = 0 ಎಂಬ ವರ್ಗ ಸಮೀಕರಣ ಬಿಡಿಸಿದರು. ಬಿಡಿಸುವಾಗ ಅವರದ್ದೊಂದು ಜಂಬವಿತ್ತು. ನಾಲ್ಕು ಹಂತ ಬರೆಯುವಲ್ಲಿ ಎರಡು ಬರೆದು, ಉಳಿದದ್ದನ್ನು ತಲೆಯಲ್ಲೇ ಮಾಡಿ, ಉತ್ತರವನ್ನು ಟಕ್ಕೆಂದು ಕೆಳಗೆ ಬರೆದು ಚಾಕ್‌ಪೀಸು ಎಸೆಯುವುದು. ಆ ದಿನವೂ ಎಸೆದರು. ಮಕ್ಕಳು ಬರೆದುಕೊಂಡರು.

ಮಾರನೆಯ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನೋಟ್ಸ್ ತಿದ್ದುವಾಗ ಸಿರಿಯ ಪುಸ್ತಕ ಸಿಕ್ಕಿತು. ಅವಳ ಕ್ರಮ ಬೇರೆ. ಮೊದಲು ಪೆನ್ಸಿಲಿನಲ್ಲಿ ಬರೆದು, ಬೋರ್ಡು ನೋಡಿ ಸರಿ ಇದ್ದರೆ ಅದರ ಮೇಲೆ ಪೆನ್ನಿನಲ್ಲಿ ತಿದ್ದುವುದು. ಉತ್ತರದ ಜಾಗದಲ್ಲಿ ಕಾಗದ ಉಜ್ಜಿ ಉಜ್ಜಿ ತೂತು ಬೀಳುವ ಹಾಗಿತ್ತು. ಅದರ ಮೇಲೆ ಪೆನ್ನಿನಲ್ಲಿ 2 ಮತ್ತು −5 ಎಂದು ಬೋರ್ಡಿನ ಉತ್ತರ. ಮೇಷ್ಟ್ರಿಗೆ ನಗು ಬಂತು. ಪ್ಯಾಕೇಜು ಸ್ವಂತ ಲೆಕ್ಕ ಮಾಡುವ ಸಾಹಸಕ್ಕೆ ಹೋಗಿದೆ, ಎಂತ ಘನಂದಾರಿ ಉತ್ತರ ಬರೆದಿತ್ತೋ ನೋಡೋಣ ಎಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪೆನ್ಸಿಲಿನ ಗೀರು ಕಂಡಿತು. 5 ಮತ್ತು −2.

ನಗುತ್ತಲೇ ಅದು ಹೇಗೆ ತಪ್ಪು ಎಂದು ನೋಡಲು ಹೊರಟರು. ಸಮೀಕರಣದಲ್ಲಿ 5 ಹಾಕಿದರು. ಸೊನ್ನೆ ಬಂತು. −2 ಹಾಕಿದರು. ಸೊನ್ನೆ ಬಂತು. ತಮ್ಮ ಉತ್ತರವನ್ನು ಹಾಕಿದರು. ಸೊನ್ನೆ ಬರಲಿಲ್ಲ. ಮತ್ತೊಮ್ಮೆ ಹಾಕಿದರು. ಯಾವ ಜನ್ಮಕ್ಕೂ ಬರುವ ಹಾಗಿರಲಿಲ್ಲ. ಮೈನಸ್ ಮೂರಕ್ಕೆ ಚಿಹ್ನೆ ಬದಲಾಯಿಸುವ ಹಂತವನ್ನು ತಲೆಯಲ್ಲಿ ಮಾಡಲು ಹೋಗಿ ಮರೆತಿದ್ದರು.

ಉಳಿದ ನಲವತ್ತೊಂದು ಪುಸ್ತಕಗಳನ್ನೂ ಸರಸರನೆ ತಿರುವಿದರು. ಕ್ಲಾಸಿಗೇ ಮೊದಲಿಗನಾದ ಶ್ರೀನಿಧಿ 2, −5 ಎಂದು ಬರೆದು ಅಡಿಗೆರೆ ಹಾಕಿದ್ದ. ಅಪೇಕ್ಷಾ ಉತ್ತರದ ಸುತ್ತ ಹಸಿರು ಪೆನ್ನಿನಲ್ಲಿ ಚೌಕ ಎಳೆದಿದ್ದಳು. ನಲವತ್ತೆರಡು ಮಕ್ಕಳಲ್ಲಿ ಲೆಕ್ಕವನ್ನು ನಿಜವಾಗಿ ಮಾಡಿದವಳು ಒಬ್ಬಳೇ, ಅವಳು ತನ್ನ ಸರಿಯನ್ನು ಅಳಿಸಿ ಮೇಷ್ಟ್ರ ತಪ್ಪನ್ನು ಬರೆದುಕೊಂಡಿದ್ದಳು.

ಸಿರಿಯನ್ನು ಕರೆಸಿದರು. ಅವಳು ಬಾಗಿಲ ಹತ್ತಿರವೇ ನಿಂತಳು.

"ಇದ್ರ ಕೆಳಗೆ ಅಳ್ಸಿದ್ದು ಎಂತದೇ?"

"ತಪ್ಪಾಗಿತ್ತು ಸರ್."

"ಯಾರ್ದು ನೋಡಿ ಬರ್ದಿದ್ದೆ?"

"ಯಾರ್ದೂ ನೋಡ್ಲಿಲ್ಲ ಸರ್." ಅವಳು ಸ್ವಲ್ಪ ಯೋಚಿಸಿದಳು. "ನೋಡಿದ್ರೂ ನೋಡಿರ್ಬೈದು ಸರ್."

"ಹಾಗಂದ್ರೆ ಎಂತ ಅರ್ಥ?"

"ನಂಗೆ ಬರದಿಲ್ಲ ಅಲ್ದಾ ಸರ್. ಅದ್ಕೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ತಾಳೆ ನೋಡಿದ್ಯಾ? ಬಂದ ಉತ್ತರ ಹಾಕಿ ಸೊನ್ನೆ ಆಗತ್ತಾ ಅಂತ ನೋಡಿದ್ಯಾ?"

"ನೋಡ್ದೆ ಸರ್. ಸೊನ್ನೆ ಬಂತು. ನೀವು ಬೋರ್ಡಲ್ಲಿ ಬರ್ದಿದ್ದು ಹಾಕಿ ನೋಡ್ದೆ, ಬರ್ಲಿಲ್ಲ. ಹಂಗಾಗಿ ನಂಗೆ ತಾಳೆ ನೋಡದೂ ಬರದಿಲ್ಲ ಅಂತ ಗೊತ್ತಾಯ್ತು. ಎಲ್ಲಾ ಅಳ್ಸಿ ನಿಮ್ದು ಬರ್ಕಂಡೆ."

"ಸೊನ್ನೆ ಬಂದಿದ್ದು ಕಣ್ಣಿಗೆ ಕಾಣ್ತಿದ್ರೂ?"

"ನೀವೇ ಹೇಳಿದ್ರಲ್ಲ ಸರ್, ಎಂಟನೇ ಕ್ಲಾಸಲ್ಲಿ." ದೂರುವ ದನಿಯಲ್ಲ, ಪಾಠ ಒಪ್ಪಿಸುವ ದನಿ. "ನಿಂಗೆ ಸರಿ ಅಂತ ಕಂಡಿದ್ದು ತಪ್ಪು, ತಪ್ಪು ಅಂತ ಕಂಡಿದ್ದು ಸರಿ, ಇದನ್ನ ಸೂತ್ರ ಅಂತ ಬರ್ಕೋ ಅಂದ್ರಿ. ನಾನು ಪುಸ್ತಕದ ಮೊದ್ಲನೇ ಪುಟದಲ್ಲಿ ಬರ್ಕಂಡಿದ್ದೆ."

ಮೇಷ್ಟ್ರಿಗೆ ಅದು ನೆನಪೇ ಇರಲಿಲ್ಲ. ಹೇಳಿರುತ್ತಾರೆ. ಅಂಥವನ್ನು ದಿನಕ್ಕೆ ಹತ್ತು ಹೇಳುತ್ತಾರೆ. ಆ ದಿನ ಕ್ಲಾಸು ಹೊಟ್ಟೆ ಹುಣ್ಣಾಗುವಂತೆ ನಕ್ಕಿರುತ್ತದೆ, ಅವರು ಖುಷಿಯಾಗಿ ಶೃಂಗೇರಿ ಬಸ್ಸು ಹತ್ತಿ ಮನೆಗೆ ಹೋಗಿರುತ್ತಾರೆ. ಮೂರು ವರ್ಷದಲ್ಲಿ ಅವರು ಕಲಿಸಿದ್ದರಲ್ಲಿ ಈ ಹುಡುಗಿ ಎಳ್ಳಷ್ಟೂ ತಪ್ಪದೆ ಕಲಿತ ಪಾಠ ಅದೊಂದೇ.

"ಹೋಗು" ಎಂದರು.

ಮಾರನೆಯ ದಿನ ಮಾಡಬೇಕಾದದ್ದು ಸುಲಭವಿತ್ತು. ಬೋರ್ಡಿನ ಮುಂದೆ ನಿಂತು, ಮೊನ್ನೆ ನಾನು ಬರೆದದ್ದು ತಪ್ಪು, ಸಿರಿಯದ್ದು ಸರಿ ಎನ್ನಬೇಕಿತ್ತು. ಮೂವತ್ಮೂರು ವರ್ಷ ಪರರ ತಟ್ಟೆಯ ನೊಣ ಹೆಕ್ಕಿದವರಿಗೆ ತಮ್ಮ ತಟ್ಟೆಯ ಹೆಗ್ಗಣವನ್ನು ಬಾಲ ಹಿಡಿದು ಎತ್ತಿ ತೋರಿಸಲು ಬರಲಿಲ್ಲ. "ಈ ಬೋರ್ಡು ಸವ್ದು ಹೋಗಿದೆ, ಚಿಹ್ನೆನೇ ಮೂಡದಿಲ್ಲ" ಎಂದು ಬೋರ್ಡನ್ನು ಬೈದು, "ಮೊನ್ನೆ ಲೆಕ್ಕದಲ್ಲಿ ಮೈನಸ್ಸು ತಿದ್ಕೊಳಿ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶ್ರೀನಿಧಿ ತಿದ್ದಿಕೊಂಡ. ಅಪೇಕ್ಷಾ ಹೊಸ ಚೌಕ ಎಳೆದಳು. ಹಿಂದಿನ ಬೆಂಚಿನಲ್ಲಿ ಸಿರಿ ಸವೆದ ಬೋರ್ಡನ್ನು ಪಾಪ ಎನ್ನುವ ಹಾಗೆ ನೋಡಿದಳು. ತಾನು ಸರಿ ಇದ್ದೆ ಎಂಬುದು ಅವಳ ತಲೆಗೆ ಹೋಗಲೇ ಇಲ್ಲ, ಹೋಗಲು ಮೇಷ್ಟ್ರು ದಾರಿಯನ್ನೇ ಬಿಡಲಿಲ್ಲ.

ಮಧ್ಯಾಹ್ನ ಅವಳನ್ನು ಮತ್ತೆ ಕರೆದರು. ಗಂಟಲು ಸರಿ ಮಾಡಿಕೊಂಡರು. ಈ ಮಾತನ್ನು ಯಾವ ವಿದ್ಯಾರ್ಥಿಗೂ ಹೇಳಿದವರಲ್ಲ.

"ನೋಡು, ನೀನು ಜಾಣೆ ಇದ್ದೀಯ."

"ನಾನು ಜಾಣೆ. ನಾನು ಕಲಿಯಬಲ್ಲೆ. ನನ್ನಿಂದ ಎಲ್ಲವೂ ಸಾಧ್ಯ" ಎಂದು ಸಿರಿ ಕೈಕಟ್ಟಿ, ಬೆಳಗಿನ ರಾಗದಲ್ಲೇ ಮುಗಿಸಿದಳು. ಕನ್ನಡಿ ತರಬೇಕಿತ್ತೇನೋ ಎಂದು ಗಾಬರಿಯಿಂದ ಅಂಗಿ ಜೇಬು ಮುಟ್ಟಿ ನೋಡಿಕೊಂಡಳು.

ಮೇಷ್ಟ್ರಿಗೆ ಮೈಯೆಲ್ಲ ಉರಿದು ಹೋಯಿತು. ಸಿದ್ದಾರ್ಥನ ಮೇಲೆ, ಸುಂದರೇಶನ ಮೇಲೆ, ಆ ನಗುಮುಖದ ಚಿತ್ರದ ಮೇಲೆ. ಎಲ್ಲರ ಮೇಲೂ ಉರಿದು ಮುಗಿದ ಮೇಲೆ ಉರಿಗೆ ಉಳಿದವರು ತಾವೊಬ್ಬರೇ. ಬರಿಯ ಬೈಗುಳದಿಂದ ಕೆಡಿಸಿದ್ದನ್ನು ಬರಿಯ ಹೊಗಳಿಕೆಯಿಂದ ಕಟ್ಟಲು ಹೊರಟರೆ ತಾವೂ ಆ ಕನ್ನಡಿಯವನೂ ಒಂದೇ ದೋಣಿಯವರು. ತಂದೆಯ ಜಗುಲಿ ನೆನಪಾಯಿತು. ಎಮ್ಮೆ ಎಂದು ಬೈದ ಮೇಲೆ ಅಪ್ಪಯ್ಯ ಎದ್ದು ಹೋಗುತ್ತಿರಲಿಲ್ಲ. ಆ ಒಂದು ಸ್ವರ ನಾಲಿಗೆಯಲ್ಲಿ ಕೂರುವವರೆಗೆ, ಊಟದ ಹೊತ್ತು ಮೀರಿದರೂ, ಎದುರು ಕೂತೇ ಇರುತ್ತಿದ್ದರು. ಮಗ ಬೈಯುವ ಅರ್ಧವನ್ನು ಮಾತ್ರ ಕಲಿತಿದ್ದ, ಕೂರುವ ಅರ್ಧವನ್ನು ಜಗುಲಿಯಲ್ಲೇ ಬಿಟ್ಟು ಬಂದಿದ್ದ.

"ನಿನ್ನ ರಬ್ಬರು ಕೊಡು" ಎಂದರು.

ಸಿರಿ ಕ್ಲಾಸಿಗೆ ಓಡಿ ಹೋಗಿ ಜಾಮಿಟ್ರಿ ಬಾಕ್ಸಿನಿಂದ ತೆಗೆದು ತಂದುಕೊಟ್ಟಳು. ಒಂದು ಬದಿ ಪೂರ್ತಿ ಸವೆದ ಬಿಳಿ ರಬ್ಬರು, ಮೇಲೆ ಪೆನ್ನಿನಲ್ಲಿ ಅವಳ ಹೆಸರು. ಮೇಷ್ಟ್ರು ಅದನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

"ಇನ್ನು ಅಳ್ಸೋ ಹಾಗಿಲ್ಲ. ತಪ್ಪು ಅಂತ ಕಂಡ್ರೆ ಒಂದು ಗೆರೆ ಎಳಿ. ಕೆಳಗಿದ್ದು ಓದಕ್ಕೆ ಬರ್ಬೇಕು. ದಿನಾ ನಾಲ್ಕು ಗಂಟೆಗೆ ಪುಸ್ತಕ ತಗೊಂಡು ಬಾ."

ಅವಳು ದಿನವೂ ಬಂದಳು. ಮೇಷ್ಟ್ರು ಐದೂಕಾಲರ ಬಸ್ಸಿಗೆ ಹೋಗುವವರೆಗೆ ಎದುರು ಕೂರಿಸಿಕೊಂಡರು. ಹೊಗಳಲಿಲ್ಲ. ಬೈಯುವುದು ನಾಲಿಗೆಯ ತುದಿಗೆ ಬಂದಾಗ ಚಹಾ ಕುಡಿದರು, ಹಾಗಾಗಿ ಆ ಎರಡು ವಾರ ವಿಪರೀತ ಚಹಾ ಆಯಿತು. ಎರಡನೇ ವಾರದ ಕೊನೆಗೆ ಪುಸ್ತಕ ತಿರುವಿ, ಅವಳು ಗೆರೆ ಎಳೆದು ಹೊಡೆದು ಹಾಕಿದ ಉತ್ತರಗಳನ್ನು ಅವಳಿಂದಲೇ ಎಣಿಕೆ ಮಾಡಿಸಿದರು. ಹನ್ನೊಂದು. ಅವುಗಳಲ್ಲಿ ಸರಿ ಇದ್ದವು ಎಷ್ಟು, ನೀನೇ ತಾಳೆ ನೋಡು ಎಂದರು. ಅವಳು ಒಂದೊಂದನ್ನೇ ನೋಡುತ್ತ ಹೋದಳು. ಏಳು.

"ಏಳು ಸರ್" ಎಂದಳು. ಮತ್ತೊಮ್ಮೆ ಎಣಿಸಿದಳು. "ಹೊಡ್ದಿದ್ರಲ್ಲೇ ಏಳು ಸರಿ ಇದಾವೆ ಸರ್."

"ರಬ್ಬರಿದ್ದಿದ್ರೆ ಗೊತ್ತಾಗ್ತಿತ್ತಾ?"

ಸಿರಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ದಿನ ಹೋಗುವಾಗ ಪುಸ್ತಕದ ಆ ಪುಟವನ್ನು ತೆರೆದುಕೊಂಡೇ ಮೆಟ್ಟಿಲಿಳಿದಳು.

ಮೇಷ್ಟ್ರಿಗೆ ಅತ್ಯುತ್ಸಾಹ ಬಂತು. ಮರುದಿನ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಬರೆದು ಕಾದರು. ಸಿರಿ ಬಾಯಿ ಬಿಡಲಿಲ್ಲ. ನಾಲ್ಕು ಗಂಟೆಗೆ ಕೇಳಿದರೆ, "ಕಂಡಿತ್ತು ಸರ್. ಬರ್ದ ಕೂಡ್ಲೇ ನೀವು ನನ್ನೇ ನೋಡಿದ್ರಿ. ಬೇಕಂತ ಬರ್ದಿದ್ದು ಅಂತ ಗೊತ್ತಾಯ್ತು. ಅದೂ ಕನ್ನಡಿ ತರನೇ ಅಲ್ದಾ?" ಎಂದಳು. ಮೇಷ್ಟ್ರು ಮತ್ತೊಂದು ಚಹಾ ತರಿಸಿದರು.

ಇಷ್ಟರಲ್ಲಿ ಪಟ್ಟಿಯ ದಿನ ಬಂತು. ಶನಿವಾರ ಇಲಾಖೆಯ ಅಧಿಕಾರಿ ಬರುತ್ತಾರೆ, ಜೊತೆಗೆ ಸಿದ್ದಾರ್ಥನೂ ಬರುತ್ತಾನೆ, ಕನ್ನಡಿ ಕಾರ್ಯಕ್ರಮ ನೋಡುತ್ತಾರೆ, ಹೋಗುವಾಗ ಪ್ಯಾಕೇಜು ಪಟ್ಟಿಯನ್ನು ಸಹಿ ಮಾಡಿಸಿಕೊಂಡು ಒಯ್ಯುತ್ತಾರೆ. ಒಯ್ದ ಮೇಲೆ ಹೆಸರು ಬದಲಾಗುವುದಿಲ್ಲ. ಮೇಷ್ಟ್ರು ಶುಕ್ರವಾರ ಹೆಡ್ಮಾಸ್ಟರ ಕೋಣೆಗೆ ಹೋದರು.

"ಸಿರಿ ಹೆಸರು ತೆಗಿ ಸುಂದರೇಶ. ಅವಳಿಗೆ ಬರತ್ತೆ."

"ಎಂತ ಹೇಳ್ತೀರಿ ಮೇಷ್ಟ್ರೇ! ಹೆಸ್ರು ಕೊಟ್ಟಿದ್ದು ನೀವು. ಹತ್ತೊಂಬತ್ತು ಮಾರ್ಕ್ಸು ಹಾಕಿದ್ದು ನೀವು. ಈಗ ಒಂದು ಮಗು ಫೇಲಾದ್ರೆ ನೂರಕ್ಕೆ ನೂರು ಹೋಗತ್ತೆ, ನನ್ನ ಕರ್ದು ಕೇಳ್ತಾರೆ." ಸುಂದರೇಶ್ ಬೀರುವಿನಿಂದ ಪಟ್ಟಿ ತೆಗೆದು ತೋರಿಸಿದರು. "ಈ ಸಲ ಮಕ್ಳ ಸಹಿನೂ ತಗೊಂಡಿದೀನಿ. ನೋಡಿ, ಅವಳೇ ಹಾಕಿದಾಳೆ. ಅವಳಿಗೇ ನಂಬಿಕೆ ಇಲ್ಲ, ನಿಮಗೆ ಎಲ್ಲಿಂದ ಬಂತು? ಅವಳೇ ಬಂದು ನಂಗೆ ಬರತ್ತೆ ಅನ್ಲಿ, ಆಮೇಲೆ ನೋಡನ."

'ನನಗೆ ಇಷ್ಟು ಸಾಕು' ಎಂಬ ಅಚ್ಚಾದ ಸಾಲಿನ ಕೆಳಗೆ ಸಿರಿಯ ಸಹಿ ದುಂಡಗೆ ಕೂತಿತ್ತು. ಅದರ ದಿನಾಂಕ ರಬ್ಬರು ಕಿತ್ತುಕೊಳ್ಳುವುದಕ್ಕಿಂತ ಮುಂಚಿನದು. ಸುಂದರೇಶನನ್ನು ಬೈಯಲು ಬಾಯಿ ತೆರೆದ ಮೇಷ್ಟ್ರು, ಈ ಬೆಪ್ಪನನ್ನು ತಯಾರು ಮಾಡಿದವನೂ ನಾನೇ ಅಲ್ಲವೇ ಎಂದುಕೊಂಡು ಹೊರಗೆ ಬಂದರು.

ಶನಿವಾರ ಬೆಳಿಗ್ಗೆ ಕಾರು ಬಂತು. ಅಂಗಳದಲ್ಲಿ ನಲವತ್ತೆರಡು ಕನ್ನಡಿ ಬಿಸಿಲಿಗೆ ಮಿಂಚಿದವು, ನಲವತ್ತೆರಡು ಬಾಯಿ ಕೂಗಿದವು. ಸಿದ್ದಾರ್ಥ ಕಣ್ಣೊರೆಸಿಕೊಂಡ. ಅಧಿಕಾರಿ ಕೈಗಡಿಯಾರ ನೋಡಿಕೊಂಡರು. ಒಂದು ಪಾಠವನ್ನೂ ನೋಡಿಬಿಡೋಣ ಎಂದು ಎಲ್ಲರೂ ಹತ್ತನೇ ತರಗತಿಗೆ ಬಂದರು. ಸುಂದರೇಶ್ ಮೊದಲೇ ಜಾಣರನ್ನು ಮುಂದೆ, ಪ್ಯಾಕೇಜನ್ನು ಹಿಂದೆ ಕೂರಿಸಿ, ಹಿಂದಿನವರು ಕೆಮ್ಮಲೂ ಕೂಡದು ಎಂದು ಹೇಳಿಯಾಗಿತ್ತು.

ಮೇಷ್ಟ್ರು ಸಮಾಂತರ ಶ್ರೇಢಿ ತೆಗೆದುಕೊಂಡರು. ಏಳು, ಹನ್ನೊಂದು, ಹದಿನೈದು, ಹೀಗೇ ನಾಲ್ಕು ನಾಲ್ಕು ಹೆಚ್ಚುತ್ತ ಹೋದರೆ ಇಪ್ಪತ್ತನೆಯ ಸಂಖ್ಯೆ ಯಾವುದು? ಹಿಂದೆ ಸಿದ್ದಾರ್ಥ ಅಧಿಕಾರಿಯ ಕಿವಿಯಲ್ಲಿ "ಮಕ್ಕಳ ಕಣ್ಣಲ್ಲಿ ನಂಬಿಕೆ ನೋಡಿ ಸರ್" ಎನ್ನುವುದು ಕೇಳಿಸಿತು. ಮೇಷ್ಟ್ರ ತಲೆ ಬಿಸಿಯಾಯಿತು. ಇವನಿಗೊಂದು ಮಾತು ಮುಟ್ಟಿಸಬೇಕು ಎಂದುಕೊಳ್ಳುತ್ತ, ಎಂದಿನ ಜಂಬದಲ್ಲಿ ಒಂದು ಹಂತ ಹಾರಿಸಿ, ಇಪ್ಪತ್ತು ನಾಲ್ಕಲ ಎಂಬತ್ತು, ಏಳು ಸೇರಿದರೆ ಎಂಬತ್ತೇಳು ಎಂದು ಬರೆದು ಚಾಕ್‌ಪೀಸು ಎಸೆದರು. ಶ್ರೀನಿಧಿ ಬರೆದುಕೊಂಡ. ಅಪೇಕ್ಷಾ ಹಸಿರು ಪೆನ್ನು ತೆಗೆದಳು.

"ಸರ್, ಅದು ತಪ್ಪು."

ಹಿಂದಿನ ಬೆಂಚಿನಲ್ಲಿ ಸಿರಿ ಎದ್ದು ನಿಂತಿದ್ದಳು. ಎರಡು ಕೈಯಲ್ಲೂ ಬೆಂಚಿನ ಅಂಚು ಹಿಡಿದುಕೊಂಡಿದ್ದಳು.

"ಏಯ್, ಕೂತ್ಕೊಳೇ" ಎಂದು ಸುಂದರೇಶ್ ಹಲ್ಲು ಕಚ್ಚಿದರು.

ಮೇಷ್ಟ್ರ ಬಾಯಿಗೆ 'ಪ್ಯಾಕೇಜು' ಎಂಬ ಮಾತು ತಾನೇ ತಾನಾಗಿ ಬಂತು. ಹಲ್ಲಿನ ಹಿಂದೆ ನಿಂತಿತು. ಅವರು ಚಾಕ್‌ಪೀಸು ಹೆಕ್ಕಿ ಮುಂದೆ ಚಾಚಿದರು. "ಎಲ್ಲಿ ತಪ್ಪು? ಬಂದು ತೋರ್ಸು."

ಅವಳು ಬಂದಳು. ಡಸ್ಟರ್ ಮುಟ್ಟಲಿಲ್ಲ. ಎಂಬತ್ತರ ಮೇಲೆ ಒಂದು ಗೆರೆ ಎಳೆದಳು, ಎಂಬತ್ತೇಳರ ಮೇಲೆ ಒಂದು ಗೆರೆ. ಕೆಳಗಿದ್ದದ್ದು ಓದಲು ಬರುತ್ತಿತ್ತು. ಪಕ್ಕದಲ್ಲಿ ಎಪ್ಪತ್ತಾರು, ಎಂಬತ್ಮೂರು ಎಂದು ಬರೆದಳು.

"ಇಪ್ಪತ್ತು ಕಂಬ ನೆಟ್ರೆ ನಡುವೆ ಸಂದು ಹತ್ತೊಂಬತ್ತೇ ಆಗದು ಸರ್. ಅಪ್ಪಯ್ಯ ತಂತಿ ಎಳಿವಾಗ ಹಂಗೇ ಲೆಕ್ಕ ಹಾಕದು. ನಾಲ್ಕು ಹೆಚ್ಚದು ಹತ್ತೊಂಬತ್ತೇ ಸಲ."

ಸುಂದರೇಶ್ ಗುರುವಿನ ಮಾನ ಉಳಿಸಲು ಧಾವಿಸಿದರು. "ಹ್ಹಹ್ಹ, ನಮ್ಮ ಮೇಷ್ಟ್ರು ಹೀಗೇ ಸರ್. ಬೇಕಂತಲೇ ತಪ್ಪು ಬರ್ದು ಮಕ್ಳನ್ನ ಪರೀಕ್ಷೆ ಮಾಡ್ತಾರೆ. ಅವ್ರಿಗೆ ತಪ್ಪೋದುಂಟಾ?"

"ಅದ್ಭುತ ವಿಧಾನ" ಎಂದ ಸಿದ್ದಾರ್ಥ. ಅಧಿಕಾರಿ ತಲೆಯಾಡಿಸಿದರು.

ಒಳ್ಳೆಯ ದಾರಿ. ಹೂಂ ಎಂದರೆ ಸಾಕಿತ್ತು, ಮಾನವೂ ಉಳಿಯುತ್ತಿತ್ತು, ಜಾಣ ಎಂಬ ಹೆಸರೂ ಬರುತ್ತಿತ್ತು. ಬೋರ್ಡು ಸವೆದಿದೆ ಎಂದು ಒಮ್ಮೆ ತಪ್ಪಿಸಿಕೊಂಡವರಿಗೆ ಇದೇನು ಹೊಸದಲ್ಲ. ಸಿರಿ ಅವರ ಮುಖವನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಆಗಲೇ ಒಂದು ಬಾಗಿಲು ಮುಚ್ಚಲು ಶುರುವಾಗಿತ್ತು. ಓ, ಇದೂ ಬೇಕಂತ ಬರೆದದ್ದೇ, ನಾನು ಕಂಡುಹಿಡಿದದ್ದು ಏನೂ ಇಲ್ಲ ಎಂದು ಅವಳು ಅಂದುಕೊಳ್ಳುತ್ತಿರುವುದು ಮೇಷ್ಟ್ರಿಗೆ ಬರೆದಿಟ್ಟ ಹಾಗೆ ಕಾಣಿಸಿತು.

"ಬೇಕಂತ ಅಲ್ಲ" ಎಂದರು ಮೇಷ್ಟ್ರು. ಬೋರ್ಡಿನ ಕಡೆ ಕೈ ತೋರಿಸಿದರು. "ಪರೀಕ್ಷೆ ಗಿರೀಕ್ಷೆ ಎಂತದೂ ಇಲ್ಲ. ನಂಗೆ ತಪ್ಪಿತು. ಜಂಬಕ್ಕೆ ಹಂತ ಹಾರ್ಸಿದೆ, ತಪ್ಪಿತು. ಮೊನ್ನೆ ಮೈನಸ್ಸೂ ನಾನೇ ಮರ್ತಿದ್ದು, ಬೋರ್ಡು ಸರೀ ಇದೆ. ಆವತ್ತೂ ಇವಳೊಬ್ಬಳದ್ದೇ ಸರಿ ಇತ್ತು."

ಮುಂದಿನ ಬೆಂಚಿನಲ್ಲಿ ಶ್ರೀನಿಧಿ ತನ್ನ ಎಂಬತ್ತೇಳನ್ನು ನೋಡಿಕೊಂಡ. ಸಿರಿಯ ಕಿವಿಗಳು ಕೆಂಪಾದವು.

ಅಧಿಕಾರಿಗೆ ಮೊದಲ ಬಾರಿಗೆ ಆಸಕ್ತಿ ಬಂದ ಹಾಗಿತ್ತು. "ಯಾವ ಹುಡುಗಿ ಇದು? ನಿಮ್ಮ ಟಾಪರ್ರಾ?"

ಸುಂದರೇಶ್ ಕೈಯಲ್ಲಿದ್ದ ಪಟ್ಟಿಯನ್ನು ಬೆನ್ನ ಹಿಂದೆ ಸರಿಸಿದರು. ಮೇಷ್ಟ್ರು ಹೋಗಿ, ಕಿವಿ ಹಿಂಡುವ ಸಲುಗೆಯಲ್ಲೇ, ಅದನ್ನು ಅಲ್ಲಿಂದ ಎಳೆದುಕೊಂಡರು. ಮೇಜಿನ ಮೇಲೆ ಹರವಿ ಸಿರಿಗೆ ತಮ್ಮ ಕೆಂಪು ಪೆನ್ನು ಕೊಟ್ಟರು.

"ಇಲ್ಲೂ ಒಂದು ತಪ್ಪಿದೆ. ಬರ್ಸಿದ್ದು ನಾನೇ. ಹೊಡಿ ಅಂತ ನಾನು ಹೇಳದಿಲ್ಲ. ನಿಂಗೆ ತಪ್ಪು ಅಂತ ಕಂಡ್ರೆ ಹೊಡಿ."

ಸಿರಿ ಪಟ್ಟಿಯನ್ನು ಓದಿದಳು. 'ನನಗೆ ಇಷ್ಟು ಸಾಕು' ಎಂಬುದನ್ನೂ ಅದರ ಕೆಳಗಿನ ತನ್ನ ಸಹಿಯನ್ನೂ ಓದಿದಳು. ಅವಸರ ಮಾಡಲಿಲ್ಲ, ತಾಳೆ ನೋಡುವವಳ ಹಾಗೆ ಎರಡು ಸಲ ಓದಿದಳು. ಆಮೇಲೆ ಒಂಬತ್ತನೆಯ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಸುಂದರೇಶರ ಬಾಯಿ ತೆರೆದುಕೊಂಡಿತು. ಅಧಿಕಾರಿ ಎದುರಿಗಿದ್ದುದರಿಂದ ಹಾಗೇ ಮುಚ್ಚಿಕೊಂಡಿತು.

ಮೇಷ್ಟ್ರು ಜೇಬಿಗೆ ಕೈ ಹಾಕಿ ಬಿಳಿ ರಬ್ಬರನ್ನು ಹೊರತೆಗೆದರು. ಎರಡು ವಾರದಲ್ಲಿ ಅದಕ್ಕೆ ನಶ್ಯದ ಪುಡಿ ಮೆತ್ತಿಕೊಂಡಿತ್ತು.

"ತಗೊ. ಇನ್ನು ನಿನ್ನತ್ರ ಇರ್ಲಿ."

ಸಿರಿ ರಬ್ಬರನ್ನು ನೋಡಿದಳು, ಬೋರ್ಡಿನ ಮೇಲೆ ಗೆರೆ ಹೊಡೆಸಿಕೊಂಡು ನಿಂತಿದ್ದ ಎಂಬತ್ತೇಳನ್ನು ನೋಡಿದಳು. ಆಮೇಲೆ ಮೇಷ್ಟ್ರನ್ನು ನೋಡಿದ ನೋಟ ಮೂವತ್ಮೂರು ವರ್ಷ ಮೇಷ್ಟ್ರು ಹಿಂದಿನ ಬೆಂಚುಗಳನ್ನು ನೋಡಿದ ನೋಟವೇ, ಒಂದು ಗುಲಗಂಜಿ ಕಡಿಮೆಯಿಲ್ಲ.

"ನಂಗೆ ಬ್ಯಾಡ ಸರ್" ಎಂದಳು. "ನೀವೇ ಇಟ್ಕಳಿ. ನಿಮ್ಗೆ ಬೇಕಾಗತ್ತೆ."